ಪೂರ್ತಿ ಹೊಂದದಿದ್ದರೂ ಅಪ್ಪ ಅಮ್ಮನೇ ದಾನಿಯಾಗಬಹುದು

"ಮಗುವಿಗೆ ಬ್ಲಡ್ ಕ್ಯಾನ್ಸರ್ ಮತ್ತೆ ಬಂದಿದೆ, ಎ ಪಾಸಿಟಿವ್ ಬೋನ್ ಮ್ಯಾರೋ ಅರ್ಜೆಂಟ್ ಬೇಕು, ಶೇರ್ ಮಾಡಿ." ಇಂಥ ಮೆಸೇಜು ಮಡಿಕೇರಿ, ವಿರಾಜಪೇಟೆ ಕಡೆಯ ಗ್ರೂಪುಗಳಲ್ಲಿ ಆಗಾಗ ಓಡಾಡುತ್ತದೆ. ಕಳಿಸುವವರ ಮನಸ್ಸು ಒಳ್ಳೆಯದೇ. ಆದರೆ ಈ ಕಸಿಗೆ ದಾನಿಯನ್ನು ಹುಡುಕುವುದು ರಕ್ತದ ಗುಂಪು ನೋಡಿ ಅಲ್ಲ. ಎ ಗುಂಪಿನ ಮಗುವಿಗೆ ಬಿ ಗುಂಪಿನ ದಾನಿಯ ಸ್ಟೆಮ್ ಸೆಲ್, ಅಂದರೆ ಬೋನ್ ಮ್ಯಾರೋದಲ್ಲಿದ್ದು ರಕ್ತಕಣ ಹುಟ್ಟಿಸುವ ಮೂಲ ಕೋಶ, ಕೊಡಬಹುದು. ಕಸಿ ಹಿಡಿದು ಕೆಲವು ತಿಂಗಳಾದ ಮೇಲೆ ಮಗುವಿನ ರಕ್ತದ ಗುಂಪೇ ಬಿ ಆಗಿಬಿಡುತ್ತದೆ!

ಹೊಂದಬೇಕಾದದ್ದು ಎಚ್‌ಎಲ್‌ಎ. ಜೀವಕೋಶಗಳ ಮೈಮೇಲಿರುವ ಪ್ರೋಟೀನುಗಳು ಇವು. ಯಾವ ಕೋಶ ನಮ್ಮದು, ಯಾವುದು ಹೊರಗಿನದು ಅಂತ ನಮ್ಮ ಟಿ ಕೋಶಗಳು (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಗುರುತಿಸುವುದು ಇವನ್ನು ನೋಡಿಯೇ. ಇದರಲ್ಲಿ ಮೊದಲನೆಯದನ್ನು 1958ರಲ್ಲಿ ಕಂಡುಹಿಡಿದ ಫ್ರಾನ್ಸಿನ ಜಾನ್ ಡೋಸೆಗೆ 1980ರಲ್ಲಿ ನೊಬೆಲ್ ಬಂತು. ಈ ಜೀನುಗಳು 6ನೇ ಕ್ರೋಮೋಸೋಮಿನಲ್ಲಿ ಒತ್ತೊತ್ತಾಗಿವೆ. ಹಾಗಾಗಿ ಅಪ್ಪನಿಂದ ಒಂದು ಸೆಟ್, ಅಮ್ಮನಿಂದ ಒಂದು ಸೆಟ್ ಇಡಿಯಾಗಿ ಬರುತ್ತವೆ. ಒಡಹುಟ್ಟಿದವರಿಗೆ ಎರಡೂ ಸೆಟ್ ಒಂದೇ ಆಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದು.

"ನಮ್ಮದು ದೊಡ್ಡ ಒಕ್ಕ, ಐನ್‌ಮನೆಗೆ ಸೇರಿದರೆ ಅಷ್ಟೊಂದು ಜನ, ಯಾರದ್ದಾದರೂ ಹೊಂದಲೇಬೇಕು" ಅನ್ನುವವರಿದ್ದಾರೆ. ಒಕ್ಕ ಅಂದರೆ ಕೊಡವರ ಮನೆತನ, ಐನ್‌ಮನೆ ಅದರ ಮೂಲ ಮನೆ. ಒಕ್ಕ ಬರುವುದು ಅಪ್ಪನ ಕಡೆಯಿಂದ ಮಾತ್ರ, ಎಚ್‌ಎಲ್‌ಎಯಲ್ಲಿ ಅರ್ಧ ಅಮ್ಮನದು, ಅಮ್ಮ ಬೇರೆ ಒಕ್ಕದಿಂದ ಬಂದವರು. ಚಿಕ್ಕಪ್ಪನ ಮಕ್ಕಳ ಜೊತೆ ಒಂದು ಸೆಟ್ ಹೊಂದುವ ಸಾಧ್ಯತೆಯೇ ನಾಲ್ಕರಲ್ಲಿ ಒಂದು. ಎರಡೂ ಹೊಂದುವುದು ತೀರಾ ಅಪರೂಪ.

ಇನ್ನು ನೋಂದಾಯಿತ ದಾನಿಗಳು. ಪ್ರಪಂಚದಲ್ಲಿ 4 ಕೋಟಿಗೂ ಜಾಸ್ತಿ ಜನ ಹೆಸರು ಕೊಟ್ಟಿದ್ದಾರೆ, ಆದರೆ ನಮ್ಮ ಜನಸಂಖ್ಯೆಗೆ ಹೋಲಿಸಿದರೆ ಅದರಲ್ಲಿ ಭಾರತೀಯರು ತುಂಬಾ ಕಡಿಮೆ. ಎಚ್‌ಎಲ್‌ಎ ಮಾದರಿಗಳು ಸಮುದಾಯದಿಂದ ಸಮುದಾಯಕ್ಕೆ ಬೇರೆಯಾಗುವುದರಿಂದ, ಸಣ್ಣ ಸಮುದಾಯದ ಮಗುವಿಗೆ ದೂರದ ದೇಶದಲ್ಲಿ ದಾನಿ ಸಿಗುವುದು ಕಷ್ಟ. ಕೊಡವ ಹಾಕಿ ಹಬ್ಬಕ್ಕೆ ಅಷ್ಟು ಯುವಜನ ಸೇರುತ್ತಾರಲ್ವಾ, ಅಲ್ಲೊಂದು ನೋಂದಣಿ ಶಿಬಿರ ಇಡಬೇಕು ಅಂತ ನನಗೆ ಬಹಳ ಆಸೆ. ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಈ ಕೆಲಸ ಮಾಡುತ್ತಿವೆ. ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿದರೆ ಸಾಕು.

ಆದರೆ ಕಾಯಿಲೆ ಮರುಕಳಿಸಿದ ಮಗುವಿಗೆ ಪುರುಸೊತ್ತಿಲ್ಲ. ಕೀಮೋ ಕೊಟ್ಟು ಕ್ಯಾನ್ಸರನ್ನು ಅಡಗಿಸಿದ ಮೇಲೆ, ಅದು ಮತ್ತೆ ತಲೆ ಎತ್ತುವ ಮೊದಲೇ ಕಸಿ ಆಗಬೇಕು. ಈಗ ಅಪ್ಪ ಅಥವಾ ಅಮ್ಮನನ್ನು ನೋಡಿ. ಅವರಿಬ್ಬರೂ ಮಗುವಿಗೆ ಅರ್ಧ ಹೊಂದಿಯೇ ಹೊಂದುತ್ತಾರೆ. ಹಿಂದೆ ಈ ಅರ್ಧ ಹೊಂದಾಣಿಕೆ ಅಂದರೆ ವೈದ್ಯರು ಹೆದರುತ್ತಿದ್ದರು, ಯಾಕೆಂದರೆ ದಾನಿಯ ಟಿ ಕೋಶಗಳು ಮಗುವಿನ ಚರ್ಮ, ಕರುಳು, ಲಿವರಿನ ಮೇಲೆ ಏರಿ ಹೋಗುತ್ತಿದ್ದವು.

ಅದನ್ನು ಬದಲಾಯಿಸಿದ್ದು ಸೈಕ್ಲೋಫಾಸ್ಫಮೈಡ್ ಎಂಬ ಹಳೇ ಔಷಧಿ. ಇದರ ಮೂಲ ಯುದ್ಧದ ವಿಷ. 1917ರಲ್ಲಿ ಬೆಲ್ಜಿಯಮ್ಮಿನ ಈಪ್ರ್ ಬಳಿ ಜರ್ಮನರು ಬಿಟ್ಟ ಮಸ್ಟರ್ಡ್ ಗ್ಯಾಸ್ ಸೈನಿಕರ ಬಿಳಿ ರಕ್ತಕಣಗಳನ್ನೇ ಅಳಿಸಿಹಾಕಿತ್ತು. ಅದರ ಸಂಬಂಧಿ ರಾಸಾಯನಿಕವೊಂದನ್ನು 1942ರಲ್ಲಿ ಅಮೆರಿಕದ ಯೇಲ್‌ನಲ್ಲಿ ಕ್ಯಾನ್ಸರ್ ರೋಗಿಗೆ ಕೊಟ್ಟು ನೋಡಿದರು. 1950ರ ದಶಕದಲ್ಲಿ ಜರ್ಮನಿಯಲ್ಲಿ ಅದೇ ವಂಶದ ಸೈಕ್ಲೋಫಾಸ್ಫಮೈಡ್ ತಯಾರಾಯಿತು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವೈದ್ಯರು ಇದನ್ನು ಕಸಿ ಆದ ಮೇಲೆ, 3 ಮತ್ತು 4ನೇ ದಿನ, ಜಾಸ್ತಿ ಪ್ರಮಾಣದಲ್ಲಿ ಕೊಟ್ಟರು.

ಯಾಕೆ ಆ ದಿನಗಳೇ? ಮಗುವನ್ನು ಪರಕೀಯ ಅಂತ ಕಂಡ ದಾನಿಯ ಟಿ ಕೋಶಗಳು ಅಷ್ಟರಲ್ಲಿ ರಭಸದಿಂದ ದ್ವಿಗುಣಗೊಳ್ಳುತ್ತಿರುತ್ತವೆ, ಮತ್ತು ಈ ಔಷಧಿ ಹೊಡೆಯುವುದು ಹಾಗೆ ಒಡೆಯುತ್ತಿರುವ ಕೋಶಗಳನ್ನೇ. ಹೂಮಳೆ ಬಿದ್ದು ತೋಟದಲ್ಲಿ ಕಳೆ ಚಿಗುರಿದ ಹೊತ್ತು ನೋಡಿ ಔಷಧಿ ಹೊಡೆದರೆ ಚಿಗುರಿದ್ದು ಸಾಯುತ್ತದೆ, ಮಣ್ಣೊಳಗೆ ಮಲಗಿರುವ ಬೀಜ ಉಳಿಯುತ್ತದೆ. ಹಾಗೆಯೇ, ಮುಂದೆ ಸೋಂಕಿನ ವಿರುದ್ಧ ಬೇಕಾಗುವ ಟಿ ಕೋಶಗಳು ಆಗ ಸುಮ್ನೆ ಇರುತ್ತವೆ, ಅವು ಬದುಕುತ್ತವೆ. ಸ್ಟೆಮ್ ಸೆಲ್ಲುಗಳು ಬದುಕುವುದಕ್ಕೆ ಕಾರಣವೇ ಬೇರೆ. ಅವುಗಳ ಒಳಗೆ ಈ ಔಷಧಿಯನ್ನು ಮುರಿದು ಹಾಕುವ ಆಲ್ಡಿಹೈಡ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಧಾರಾಳವಾಗಿದೆ. ದಾಳಿಯನ್ನು ತಣಿಸುವ ನಿಯಂತ್ರಕ ಟಿ ಕೋಶಗಳಿಗೂ ಇದೇ ರಕ್ಷಣೆ.

ಎಷ್ಟು ಚಂದದ ಉಪಾಯ ನೋಡಿ!

ಅಪಾಯ ಪೂರ್ತಿ ಹೋಗಿಲ್ಲ. ಸೋಂಕು ಬರಬಹುದು, ಕ್ಯಾನ್ಸರ್ ಮತ್ತೊಮ್ಮೆ ಬರಬಹುದು, ದಾನಿಯ ವಿರುದ್ಧ ಮಗುವಿನ ರಕ್ತದಲ್ಲಿ ಆ್ಯಂಟಿಬಾಡಿ ಇದೆಯಾ ಅಂತಲೂ ಮೊದಲೇ ನೋಡಬೇಕು. ಇದ್ದರೆ ಅಮ್ಮನ ಬದಲು ಅಪ್ಪ, ಅಥವಾ ಅರ್ಧ ಹೊಂದುವ ಅಣ್ಣ, ತಂಗಿ. ಮರುಕಳಿಸಿದ ಎಲ್ಲ ಮಕ್ಕಳಿಗೂ ಕಸಿ ಬೇಕು ಅಂತಲೂ ಇಲ್ಲ. ಬೇಕು ಅಂತ ವೈದ್ಯರು ಹೇಳಿದ ದಿನವೇ ಮಗುವಿನ ಜೊತೆ ಅಪ್ಪ, ಅಮ್ಮ, ಒಡಹುಟ್ಟಿದವರು ಎಲ್ಲರ ಎಚ್‌ಎಲ್‌ಎ ಪರೀಕ್ಷೆಯನ್ನೂ ಒಟ್ಟಿಗೇ ಮಾಡಿಸಿ ಅಂತ ಕೇಳಿ. ಹೊರಗಿನ ದಾನಿಯ ಹುಡುಕಾಟ ಅದರ ಪಾಡಿಗೆ ನಡೆಯಲಿ.