ಮರೆಯೋದಕ್ಕೂ ಮೆದುಳು ದುಡಿಯಬೇಕು

ಡೇರಿ ಸರ್ಕಲ್ ಹತ್ತಿರ ನಾನು ಸ್ಕೂಟರಿನಿಂದ ಬಿದ್ದು ಮೂರು ವರ್ಷವಾಯಿತು. ಮೊಣಕಾಲಿನ ಗಾಯ ಮಾಸಿದೆ. ಬೆನ್ನ ಹಿಂದೆಯೇ ಲಾರಿ ಗಕ್ಕನೆ ಬ್ರೇಕ್ ಹಾಕಿದ ಸದ್ದು ಮಾತ್ರ ಆ ಸಿಗ್ನಲ್ಲಿಗೆ ಬಂದಾಗಲೆಲ್ಲ ಕೇಳುತ್ತದೆ. "ಅದನ್ನೇ ನೆನೆಸ್ಕೋಬೇಡ, ಮರೆತುಬಿಡು" ಅನ್ನುತ್ತಾರೆ ಅಮ್ಮ. ಬೇಕೆಂದು ಮರೆಯೋಕೆ ಆಗುತ್ತಾ?

ನೂರು ವರ್ಷದಿಂದ ನಡೆದಿರುವ ವಾದ ಇದು. ನೋವಿನ ನೆನಪನ್ನು ಮನಸ್ಸು ಒಳಗೆ ತಳ್ಳುತ್ತದೆ, ಅದು ಬೇರೆ ವೇಷದಲ್ಲಿ ಬಂದು ಕಾಡುತ್ತದೆ ಎಂದು ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ 1915ರಲ್ಲಿ ಬರೆದರು. 1987ರಲ್ಲಿ ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್, ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಜನರಿಗೆ ಹೇಳಿ ನೋಡಿದರು. ಕರಡಿ ಮತ್ತೆ ಮತ್ತೆ ಬಂತು. ನೆನಪನ್ನು ತಡೆದರೆ ಕೆಡುಕೇ ಎಂಬ ಮಾತು ಗಟ್ಟಿಯಾಯಿತು.

2001ರಲ್ಲಿ ಮನೋವಿಜ್ಞಾನಿಗಳಾದ ಮೈಕೆಲ್ ಆಂಡರ್ಸನ್ ಮತ್ತು ಕಾಲಿನ್ ಗ್ರೀನ್ ಬೇರೆ ದಾರಿ ಹಿಡಿದರು. ಮೊದಲು ಜೋಡಿ ಪದಗಳನ್ನು ಕಲಿಸಿದರು. ಮಲ್ಲಿಗೆ–ಏಣಿ ಅಂತಿಟ್ಟುಕೊಳ್ಳಿ. ಆಮೇಲೆ ಮಲ್ಲಿಗೆಯನ್ನಷ್ಟೇ ತೋರಿಸುತ್ತಾರೆ. ಕಣ್ಣು ಅದರ ಮೇಲೇ ಇರಬೇಕು, ಜೊತೆಯ ಪದ ಮನಸ್ಸಿಗೆ ಬರಬಾರದು. ಹೀಗೆ 16 ಸಲ ತಡೆದ ಮೇಲೆ, ಬೇಕೆಂದು ಹುಡುಕಿದರೂ ಆ ಪದ ಸುಲಭಕ್ಕೆ ಸಿಗಲಿಲ್ಲ. ಸರಿಯುತ್ತರಕ್ಕೆ ದುಡ್ಡು ಕೊಡುತ್ತೇವೆಂದರೂ ಅಷ್ಟೇ. ವೆಗ್ನರ್ ಕರಡಿಯ ಹೆಸರು ಹೇಳಿಯೇ ಬೇಡ ಅಂದಿದ್ದರು. ಇಲ್ಲಿ ಏಣಿಯ ಹೆಸರನ್ನೇ ಎತ್ತುವುದಿಲ್ಲ. ನನಗೆ ಇಡೀ ಕಥೆಯ ಕೀಲಿ ಇಲ್ಲೇ ಕಾಣುತ್ತದೆ.

2004ರಲ್ಲಿ ಸ್ಕ್ಯಾನ್ ಮಾಡಿ ನೋಡಿದಾಗ, ಹೀಗೆ ತಡೆಯುವ ಹೊತ್ತಿನಲ್ಲಿ ಹಣೆಯ ಹಿಂದಿನ ಮೆದುಳು ಚುರುಕಾಗಿತ್ತು. ನೆನಪನ್ನು ಎತ್ತಿಕೊಡುವ ಹಿಪ್ಪೊಕ್ಯಾಂಪಸ್ ತಣ್ಣಗಾಗಿತ್ತು. ಅಲ್ಲಿ ಗಾಬಾ ಎಂಬ ರಾಸಾಯನಿಕ ಜಾಸ್ತಿ ಇದ್ದವರು ಚೆನ್ನಾಗಿ ತಡೆಯುತ್ತಾರೆ ಎಂದು 2017ರಲ್ಲಿ ತಿಳಿಯಿತು. ಮೆದುಳಿಗೂ ಒಂದು ಬ್ರೇಕ್ ಇದೆ ಅಲ್ವಾ!

ಎಲ್ಲರ ಬ್ರೇಕೂ ಒಂದೇ ಥರ ಹಿಡಿಯುವುದಿಲ್ಲ. 2015ರ ಪ್ಯಾರಿಸ್ ಭಯೋತ್ಪಾದಕ ದಾಳಿಯಲ್ಲಿ ಬದುಕುಳಿದವರ ಮೇಲಿನ ಅಧ್ಯಯನ 2020ರಲ್ಲಿ ಬಂತು. ಆಘಾತದಿಂದ ಇನ್ನೂ ನರಳುತ್ತಿದ್ದವರಲ್ಲಿ ಈ ಹಿಡಿತ ಸಡಿಲವಾಗಿತ್ತು, ಚೇತರಿಸಿಕೊಂಡವರಲ್ಲಿ ಗಟ್ಟಿಯಾಗಿತ್ತು. ನಮ್ಮ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಸುಮಂತ್ರ ಚಟರ್ಜಿ ಅವರ ತಂಡ ಇಲಿಗಳಲ್ಲಿ ಇನ್ನೊಂದನ್ನು ಕಂಡಿತ್ತು. ದಿನಗಟ್ಟಲೆ ಒತ್ತಡವಿದ್ದರೆ ಹಿಪ್ಪೊಕ್ಯಾಂಪಸ್‌ನ ನರಕೋಶಗಳ ಕವಲು ಕುಗ್ಗುತ್ತದೆ, ಭಯದ ಕೇಂದ್ರವಾದ ಅಮಿಗ್ಡಲಾದಲ್ಲಿ ಹರಡುತ್ತದೆ. ಹಾಗಾಗಿ ನರಳುವವರಿಗೆ ಸುಮ್ನೆ "ಮರೆತುಬಿಡು" ಅಂದರೆ ಸಾಲದು. ನಿದ್ದೆ ಕೆಡುವಷ್ಟು ಕಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಈ ಹಿಡಿತವನ್ನು ಕಲಿಯಲೂ ಬಹುದಂತೆ. 2023ರಲ್ಲಿ 16 ದೇಶಗಳ 120 ಜನ ಮೂರು ದಿನ ತಮ್ಮ ಭಯದ ಯೋಚನೆಗಳನ್ನು ತಡೆಯುವ ಅಭ್ಯಾಸ ಮಾಡಿದರು. ಆ ಯೋಚನೆಗಳು ಮಸುಕಾದವು, ಆತಂಕವೂ ಇಳಿಯಿತು.

ಮೊನ್ನೆ ಅದೇ ಸಿಗ್ನಲ್. ಕೆಂಪು ದೀಪ, ಹಿಂದೆ ಲಾರಿ. ಕಣ್ಣನ್ನು ಸಿಗ್ನಲ್ ಮೇಲೆಯೇ ಇಟ್ಟೆ. ಸದ್ದು ಏಳುವ ಹೊತ್ತಿಗೆ ತಡೆದೆ, ಅದರ ಹಿಂದೆ ಹೋಗಲಿಲ್ಲ. ಹಸಿರು ಬಂತು, ಗಾಡಿ ಮುಂದೆ ಹೋಯಿತು.