ಹಳೆ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್‌ಗೆ ಒಂದು ಡಬ್ಬಿ, ಒಂದು ಒಳ್ಳೆ ಕೇಬಲ್

ಲ್ಯಾಪ್‌ಟಾಪ್ ಮೂಲೆ ಸೇರುವುದು ಸಾಮಾನ್ಯವಾಗಿ ಮದರ್‌ಬೋರ್ಡ್, ಪರದೆ ಅಥವಾ ಹಿಂಜ್ ಹೋದಾಗ. ಒಳಗಿನ ಹಾರ್ಡ್ ಡಿಸ್ಕ್ ಎಷ್ಟೋ ಸಲ ಗಟ್ಟಿಮುಟ್ಟಾಗಿಯೇ ಇರುತ್ತದೆ. ಅದನ್ನು ಬಿಚ್ಚಿ, ಕೆಲವು ನೂರು ರೂಪಾಯಿಗೆ ಸಿಗುವ ಕೇಸ್ ಒಂದಕ್ಕೆ ಹಾಕಿದರೆ ಎಕ್ಸ್‌ಟರ್ನಲ್ ಡಿಸ್ಕ್ ಸಿದ್ಧ. ಕೆಲಸ ಹತ್ತು ನಿಮಿಷದ್ದು. ಆದರೆ ಹೀಗೆ ಹಾಕಿದ ಮೇಲೆ ‘ಡಿಸ್ಕ್ ಸತ್ತಿದೆ’ ಎಂದು ಎಸೆದವುಗಳಲ್ಲಿ ಎಷ್ಟೋ ಡಿಸ್ಕ್‌ಗಳು ಸತ್ತಿರುವುದಿಲ್ಲ, ಅವಕ್ಕೆ ಕರೆಂಟು ಸಾಲದೆ ಬಂದಿರುತ್ತದೆ.

ಕೊಳ್ಳುವ ಮೊದಲು ಡಿಸ್ಕನ್ನು ಹೊರತೆಗೆದು ನೋಡಿ. ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿಯ ಸಂಪರ್ಕ ತಪ್ಪಿಸಿದ ಮೇಲಷ್ಟೇ ಸ್ಕ್ರೂ ಡ್ರೈವರ್ ಹಿಡಿಯಬೇಕು. ಡಿಸ್ಕನ್ನು ತಗಡಿನ ಚೌಕಟ್ಟಿಗೆ ಪಕ್ಕದಿಂದ ಪುಟ್ಟ ಸ್ಕ್ರೂಗಳಲ್ಲಿ ಬಿಗಿದಿರುತ್ತಾರೆ. ಅವನ್ನು ಬಿಚ್ಚಿ ಡಿಸ್ಕನ್ನು ಕನೆಕ್ಟರಿನಿಂದ ನೇರವಾಗಿ ಹಿಂದಕ್ಕೆ ಎಳೆಯಿರಿ, ಮೇಲಕ್ಕೆ ಎತ್ತಬೇಡಿ. ಕೆಲವು ಮಾದರಿಗಳಲ್ಲಿ ಡಿಸ್ಕಿನ ತುದಿಗೆ ಇನ್ನೊಂದು ಚಿಕ್ಕ ಅಡಾಪ್ಟರ್ ಸಿಕ್ಕಿಸಿರುತ್ತಾರೆ. ಅದು ಡಿಸ್ಕಿನದೇ ಭಾಗದಂತೆ ಕಂಡು ‘ಕೇಸಿಗೆ ಕೂರುತ್ತಲೇ ಇಲ್ಲ’ ಎಂದು ತಲೆಕೆಡಿಸುತ್ತದೆ. ಅದನ್ನೂ ಕಳಚಬೇಕು.

ಈಗ ತುದಿ ಗಮನಿಸಿ. ಎರಡು ಚಪ್ಪಟೆ ನಾಲಿಗೆಗಳು, ಒಂದು ಗಿಡ್ಡ, ಒಂದು ಉದ್ದ ಇದ್ದರೆ ಅದು ಸಾಟಾ: 7 ಸಂಪರ್ಕಗಳದ್ದು ಮಾಹಿತಿಗೆ, 15ರದ್ದು ವಿದ್ಯುತ್ತಿಗೆ. ಸೂಜಿಯಂಥ ಪಿನ್‌ಗಳ ಎರಡು ಸಾಲಿದ್ದರೆ ಅದು ಹಳೆಯ ಐಡಿಇ, ಅದರ ಕೇಸೇ ಬೇರೆ. ದಪ್ಪವನ್ನೂ ಅಳೆಯಿರಿ. 2.5 ಇಂಚಿನ ಡಿಸ್ಕ್‌ಗಳು ಹೆಚ್ಚಾಗಿ 7 ಅಥವಾ 9.5 ಮಿಲಿಮೀಟರ್ ಇರುತ್ತವೆ. 7ರ ಕೇಸಿಗೆ 9.5ರದ್ದು ಹೋಗದು, 9.5ರ ಕೇಸಿಗೆ 7ರದ್ದಾದರೆ ತೊಂದರೆಯಿಲ್ಲ, ಜೊತೆಗೆ ಬರುವ ಸ್ಪಂಜಿನ ತುಂಡು ಇಟ್ಟರಾಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕೊಳ್ಳುವುದಾದರೆ ಡಿಸ್ಕನ್ನೇ ಜೊತೆಗೆ ಒಯ್ಯುವುದು ಸುಲಭ. ಡಿಸ್ಕಿನ ಮೇಲಿನ ಸಣ್ಣ ಗಾಳಿರಂಧ್ರವನ್ನು ಮಾತ್ರ ಸ್ಟಿಕ್ಕರಿನಿಂದ ಮುಚ್ಚಬೇಡಿ.

ಇನ್ನು ಕರೆಂಟಿನ ಮಾತು. ಡೆಸ್ಕ್‌ಟಾಪಿನ 3.5 ಇಂಚಿನ ಡಿಸ್ಕ್‌ಗೆ 12 ವೋಲ್ಟ್ ಬೇಕು, ಅದಕ್ಕೇ ಪ್ರತ್ಯೇಕ ಅಡಾಪ್ಟರ್. ಲ್ಯಾಪ್‌ಟಾಪ್ ಡಿಸ್ಕ್ 5 ವೋಲ್ಟಿನಲ್ಲೇ ನಡೆಯುತ್ತದೆ, ಯುಎಸ್‌ಬಿ ಕೊಡುವುದೂ ಅಷ್ಟೇ. ಹೊಂದಾಣಿಕೆ ಚೆನ್ನಾಗಿದೆ, ಮೊದಲ ಕೆಲವು ಸೆಕೆಂಡುಗಳನ್ನು ಬಿಟ್ಟರೆ. ಡಿಸ್ಕಿನೊಳಗೆ ನಿಂತಿರುವ, ಮಾಹಿತಿ ಬರೆದ ತಟ್ಟೆಯನ್ನು ನಿಮಿಷಕ್ಕೆ 5,400 ಸುತ್ತಿಗೆ ಏರಿಸುವಾಗ ಮೋಟಾರು ಸುಮಾರು 1 ಆಂಪಿಯರ್ ಎಳೆಯುತ್ತದೆ. ವೇಗ ಹಿಡಿದ ಮೇಲೆ ಅದರ ಅರ್ಧ ಸಾಕು. ಆದರೆ ನಿಯಮದ ಪ್ರಕಾರ ಯುಎಸ್‌ಬಿ 2.0 ಪೋರ್ಟು ಕೊಡಬೇಕಾದ್ದು 500 ಮಿಲಿಆಂಪಿಯರ್, 3.0 ಪೋರ್ಟು 900. ಅನೇಕ ಪೋರ್ಟುಗಳು ಕ್ಷಣಕಾಲ ಹೆಚ್ಚು ಬಿಟ್ಟುಕೊಡುವುದರಿಂದ ಗಾಡಿ ಓಡುತ್ತದೆ. ಕೇಬಲ್ ಉದ್ದವಾಗಿ ತೆಳ್ಳಗಿದ್ದರೆ ದಾರಿಯಲ್ಲೇ ವೋಲ್ಟೇಜ್ ಸೋರಿ, ತಟ್ಟೆ ಅರ್ಧ ವೇಗಕ್ಕೆ ಏರಿ ಸೋತು ಮತ್ತೆ ಶುರುಮಾಡುತ್ತದೆ. ಆಗ ಕೇಳುವುದೇ ಆ ‘ಟಿಕ್... ಟಿಕ್...’.

ತಟ್ಟೆಯಿಂದ ಓದುವ ತಲೆ (ಹೆಡ್) ಕೆಟ್ಟ ಡಿಸ್ಕ್ ಮಾಡುವ ಸದ್ದೂ ಹೆಚ್ಚುಕಡಿಮೆ ಇದೇ. ಹಾಗಾಗಿ ತೀರ್ಪು ಕೊಡುವ ಮೊದಲು ಅರ್ಧ ಮೀಟರಿಗಿಂತ ಗಿಡ್ಡನೆಯ ದಪ್ಪ ಕೇಬಲ್ ಹಾಕಿ, ನಡುವೆ ಯುಎಸ್‌ಬಿ ಹಬ್ ಇದ್ದರೆ ತೆಗೆದು, ಡೆಸ್ಕ್‌ಟಾಪಾದರೆ ಹಿಂಬದಿಯ ಪೋರ್ಟಿಗೆ ಸಿಕ್ಕಿಸಿ ನೋಡಿ. ಟಿವಿಯಲ್ಲಿ ಓಡದ್ದು ಕಂಪ್ಯೂಟರಿನಲ್ಲಿ ಓಡುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಎಲ್ಲ ಸರಿಯಿದ್ದೂ ಟಿಕ್ ಟಿಕ್ ನಿಲ್ಲದಿದ್ದರೆ ಡಿಸ್ಕನ್ನು ತಕ್ಷಣ ಬಿಡಿಸಿ. ಕೆಲವರು ಹೇಳುವ ಫ್ರಿಜ್ಜಿನಲ್ಲಿಡುವ ಚಿಕಿತ್ಸೆ ಬೇಡ, ಒಳಗೆ ಕಟ್ಟುವ ತೇವ ಉಳಿದದ್ದನ್ನೂ ಹಾಳುಮಾಡುತ್ತದೆ.

ಡಿಸ್ಕ್ ಕಾಣಿಸಿಕೊಂಡಿತೇ? ಮೊದಲು ಬೇಕಾದ ಕಡತಗಳನ್ನು ನಕಲು ಮಾಡಿಕೊಳ್ಳಿ. ‘ಅನುಮತಿ ಇಲ್ಲ’ ಎಂದರೆ ಹೆದರಬೇಡಿ, ಫೋಲ್ಡರಿನ ಒಡೆತನ ಇನ್ನೂ ಹಳೆ ವಿಂಡೋಸಿನ ಬಳಕೆದಾರನ ಹೆಸರಿನಲ್ಲಿದೆ ಅಷ್ಟೆ. ಫೋಲ್ಡರಿನ ಪ್ರಾಪರ್ಟೀಸ್ ತೆರೆದು, ಸೆಕ್ಯುರಿಟಿ ವಿಭಾಗದಲ್ಲಿ ಒಡೆತನ ಬದಲಿಸಬಹುದು. ಡಿಸ್ಕಿಗೆ ವಿಂಡೋಸಿನ ಬಿಟ್‌ಲಾಕರ್ ಬೀಗವಿದ್ದರೆ ಮಾತು ಬೇರೆ: 48 ಅಂಕಿಗಳ ರಿಕವರಿ ಕೀ ಇಲ್ಲದೆ ಒಂದಕ್ಷರವೂ ಸಿಗದು. ಹಳೆಯ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಉಳಿದಿದೆಯೇ ಹುಡುಕಿ.

ಆಮೇಲೆ ಆರೋಗ್ಯ ತಪಾಸಣೆ. ಪ್ರತಿ ಡಿಸ್ಕೂ ತನ್ನ ಲೆಕ್ಕವನ್ನು ‘ಸ್ಮಾರ್ಟ್’ ಎಂಬ ಪಟ್ಟಿಯಲ್ಲಿ ಇಟ್ಟುಕೊಂಡಿರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಅದನ್ನು ತೋರಿಸುತ್ತದೆ. 05 ಸಂಖ್ಯೆಯ ಸಾಲು ಕೆಟ್ಟು ಬದಲಾಯಿಸಿದ ಸೆಕ್ಟರುಗಳನ್ನು (ತಟ್ಟೆಯ ಮೇಲೆ ಮಾಹಿತಿ ಬರೆಯುವ ಪುಟ್ಟ ತುಣುಕುಗಳು), ಸಿ5 ಓದಲು ಕಷ್ಟವಾಗಿ ಅನುಮಾನದಲ್ಲಿರುವವನ್ನು ಎಣಿಸುತ್ತದೆ. ಎರಡೂ ಸೊನ್ನೆಯಿದ್ದರೆ ಒಳ್ಳೆಯದು. 05ರಲ್ಲಿ ಬೆರಳೆಣಿಕೆಯಷ್ಟಿದ್ದು ಅಲ್ಲೇ ನಿಂತಿದ್ದರೆ ಸಿನಿಮಾ, ಹಾಡು ತುಂಬಿಡಲು ಅಡ್ಡಿಯಿಲ್ಲ. ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕನ್ನು ನಂಬಬೇಡಿ. ಈ ತಂತ್ರಾಂಶ ಅಂಕಿಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸುವುದುಂಟು, ಅಲ್ಲಿ 10 ಎಂದರೆ ನಮ್ಮ 16. ಸಿ7 ಏರಿದರೆ ತಪ್ಪು ಬಹುಮಟ್ಟಿಗೆ ಡಿಸ್ಕಿನದಲ್ಲ, ಕೇಸಿನೊಳಗಿನ ಸಾಟಾ ಸಂಪರ್ಕದ್ದು.

ಹಳೆ ವಿಂಡೋಸಿನ ಗುಪ್ತ ವಿಭಾಗಗಳನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ಸಲಕರಣೆ ಅಳಿಸಲು ಬಿಡುವುದಿಲ್ಲ. ಅದಕ್ಕೆ ವಿಂಡೋಸಿನಲ್ಲೇ ಇರುವ, ಆಜ್ಞೆ ಟೈಪಿಸಿ ನಡೆಸುವ ಡಿಸ್ಕ್‌ಪಾರ್ಟ್ ಬೇಕು: ‘ಲಿಸ್ಟ್ ಡಿಸ್ಕ್’ ಕೊಟ್ಟು, ಗಾತ್ರ ನೋಡಿ ಡಿಸ್ಕನ್ನು ಗುರುತಿಸಿ, ‘ಸೆಲೆಕ್ಟ್ ಡಿಸ್ಕ್’ ಜೊತೆ ಅದರ ಸಂಖ್ಯೆ, ಕೊನೆಗೆ ‘ಕ್ಲೀನ್’. ಸಂಖ್ಯೆ ತಪ್ಪಿದರೆ ಹೋಗುವುದು ನೀವು ಕೂತಿರುವ ಕಂಪ್ಯೂಟರಿನ ಡಿಸ್ಕೇ ಆದೀತು, ಎರಡು ಸಲ ನೋಡಿ. ಹೀಗೆ ಖಾಲಿಯಾದ ಡಿಸ್ಕನ್ನು ಫಾರ್ಮ್ಯಾಟ್ ಮಾಡುವಾಗ ವಿಂಡೋಸ್ ಮಾತ್ರ ಬಳಸುವವರಿಗೆ ಎನ್‌ಟಿಎಫ್‌ಎಸ್, ಮ್ಯಾಕ್‌ಗೂ ಹಾಕುವವರಿಗೆ ಎಕ್ಸ್‌ಫ್ಯಾಟ್. ಫ್ಯಾಟ್32 ಬೇಡ, ಅದರಲ್ಲಿ ಒಂದು ಕಡತ 4 ಜಿಬಿ ದಾಟುವಂತಿಲ್ಲ. ಮೊದಲ ಸಲ ‘ಕ್ವಿಕ್’ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ಇಡೀ ಡಿಸ್ಕಿಗೆ ಸೊನ್ನೆ ಬರೆಯುವುದರಿಂದ ಅನುಮಾನದ ಸೆಕ್ಟರುಗಳ ಬಣ್ಣ ಬಯಲಾಗುತ್ತದೆ. 500 ಜಿಬಿಗೆ ಯುಎಸ್‌ಬಿ 3.0ರಲ್ಲಿ ಎರಡು ತಾಸು, 2.0ರಲ್ಲಿ ನಾಲ್ಕು ತಾಸು ಹಿಡಿದೀತು. ಮುಗಿದ ಮೇಲೆ 465 ಎಂದು ಕಂಡರೆ ಏನೂ ಕಳೆದಿಲ್ಲ: ತಯಾರಕರ ಜಿಬಿ ನೂರು ಕೋಟಿ ಬೈಟು, ವಿಂಡೋಸಿನದು 107.37 ಕೋಟಿ.

ಬಳಸುವಾಗ ಎಜೆಕ್ಟ್ ಮಾಡದೆ ಕೇಬಲ್ ಎಳೆಯಬೇಡಿ. ಕರೆಂಟು ದಿಢೀರ್ ನಿಂತರೆ ಡಿಸ್ಕ್ ತನ್ನ ಮೋಟಾರನ್ನೇ ಕ್ಷಣಕಾಲ ಜನರೇಟರಿನಂತೆ ಬಳಸಿ, ತಿರುಗುತ್ತಿರುವ ತಟ್ಟೆಯ ಶಕ್ತಿಯಿಂದಲೇ ತಲೆಗಳನ್ನು ಬದಿಗೆ ಸರಿಸಿಕೊಳ್ಳುತ್ತದೆ. ಜಾಣ ಉಪಾಯವೇ. ಆದರೆ ಅದರಿಂದ ಉಳಿಯುವುದು ತಲೆ, ಆ ಹೊತ್ತಿಗೆ ಅರ್ಧ ಬರೆದಿದ್ದ ಕಡತವಲ್ಲ. ಎಜೆಕ್ಟ್ ಆದ ಮೇಲೂ ಹತ್ತು ಸೆಕೆಂಡ್ ಬಿಟ್ಟು, ಒಳಗಿನ ಸದ್ದು ಅಡಗಿದ ಮೇಲೆ ಕೈಗೆತ್ತಿಕೊಳ್ಳಿ.