ಜೈಲಿನಿಂದ ಬಂದವರ ಕೈಯಲ್ಲಿ ಒಂದೂ ಕಾರ್ಡಿಲ್ಲ, ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ನಮ್ಮ ಚಿಕ್ಕಪ್ಪ ಏಳು ವರ್ಷ ಜೈಲಿನಲ್ಲಿದ್ದು ಹೋದ ತಿಂಗಳು ಮನೆಗೆ ಬಂದರು. ಆಧಾರ್ ಇಲ್ಲ, ವೋಟರ್ ಕಾರ್ಡ್ ಇಲ್ಲ, ಹಳೇ ಸಿಮ್ಮೂ ಇಲ್ಲ. ಕೆಲಸ ಕೇಳಲು ಹೋದರೆ ಮೊದಲು ಆಧಾರ್ ತನ್ನಿ ಅನ್ನುತ್ತಾರೆ. ಹೊಸದಾಗಿ ಮಾಡಿಸಬಹುದಾ?

ಉತ್ತರ: ಜೈಲಿಗೆ ಹೋಗುವ ಮುಂಚೆ ಅವರು ಆಧಾರ್‌ಗೆ ಬೆರಳು ಕೊಟ್ಟಿದ್ದರಾ? ಕೊಟ್ಟಿದ್ದರೆ ಹೊಸದು ಬೇಡ. ಜನ ಎಡವುವುದು ಇಲ್ಲೇ. ಬೆರಳು, ಕಣ್ಣಿನ ಗುರುತು ಹಳೆಯದಕ್ಕೆ ತಾಳೆಯಾದರೆ ಹೊಸ ಅರ್ಜಿ ತಿರಸ್ಕಾರ ಆಗುತ್ತದೆ, ಸುಮ್ನೆ ಕಾದಿದ್ದಷ್ಟೇ ಬಂತು. ಕಳೆದಿರುವುದು ಕಾರ್ಡು, ನಂಬರ್ ಅಲ್ಲ.

ಹಾಗಾಗಿ ಆ 12 ಅಂಕಿಯನ್ನು ಹುಡುಕಿ. ಬ್ಯಾಂಕಿಗೆ ಕೊಟ್ಟ ಜೆರಾಕ್ಸ್, ರೇಷನ್ ಕಾರ್ಡಿನ ಕಾಗದ, ವಕೀಲರ ಹತ್ತಿರದ ಕೇಸ್ ಫೈಲ್, ಎಲ್ಲ ತೆಗೆದು ನೋಡಿ. ಜೈಲಿನ ಒಳಗೆ ಹೋಗುವಾಗ ತೆಗೆದಿಟ್ಟುಕೊಂಡ ವಸ್ತುಗಳು ಜೈಲರ್ ವಶದಲ್ಲಿರುತ್ತವೆ. ಬಿಡುಗಡೆಯ ಗಡಿಬಿಡಿಯಲ್ಲಿ ಪರ್ಸು ಅಲ್ಲೇ ಉಳಿದಿರಬಹುದು, ಒಮ್ಮೆ ವಿಚಾರಿಸಿ. ಎಲ್ಲೂ ಸಿಗದಿದ್ದರೆ ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಿ. ಹೆಸರು, ಹುಟ್ಟಿದ ದಿನ, ಪಿನ್‌ಕೋಡ್ ಕೇಳುತ್ತಾರೆ. ಆಗ ಬರೆಸಿದ್ದಂತೆಯೇ ಹೇಳಬೇಕು, ಈಗ ಸರಿ ಅನಿಸಿದಂತೆ ಅಲ್ಲ.

ಆನ್‌ಲೈನ್‌ನಲ್ಲಿ ಡೌನ್‌ಲೋಡ್ ಮಾಡೋಣ ಅಂದರೆ ಒಟಿಪಿ ತೊಡಕು. ತಿಂಗಳುಗಟ್ಟಲೆ ಬಳಸದ ಸಿಮ್ ಬಂದ್ ಆಗಿ, ಆ ನಂಬರ್ ಬೇರೆಯವರಿಗೆ ಹೋಗಿರಬಹುದು. ಒಟಿಪಿ ಯಾರದ್ದೋ ಫೋನಿಗೆ ಬರುತ್ತದೆ! ಹೊಸ ಸಿಮ್ ಕೇಳಿದರೆ ಅವರೂ ಆಧಾರ್ ಕೇಳುತ್ತಾರೆ. ಈ ಸುಳಿಯಿಂದ ಹೊರಬರಲು ಚಿಕ್ಕಪ್ಪನನ್ನೇ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ನಂಬರ್ ಹೇಳಿ ಬೆರಳು ಇಟ್ಟು ತಾಳೆಯಾದರೆ ಅಲ್ಲೇ ಪ್ರಿಂಟ್ ಸಿಗುತ್ತದೆ, ಸಣ್ಣ ಶುಲ್ಕ ಇದೆ. ಮೊಬೈಲ್ ನಂಬರ್ ಬದಲಿಸಲು ಯಾವ ದಾಖಲೆಯೂ ಬೇಡ. ಸದ್ಯಕ್ಕೆ ನಿಮ್ಮ ನಂಬರನ್ನೇ ಸೇರಿಸಿ.

ಆಧಾರ್‌ನಲ್ಲಿ ಜೈಲಿನ ವಿಷಯ ಬರುತ್ತಾ ಅನ್ನುವ ಅಂಜಿಕೆಯೂ ಇರುತ್ತದೆ, ಅಲ್ವಾ? ಬರುವುದಿಲ್ಲ. ಕೇಸಿನ ವಿವರಕ್ಕೆ ಅದರಲ್ಲಿ ಜಾಗವೇ ಇಲ್ಲ.

ಯಾವತ್ತೂ ಮಾಡಿಸಿಯೇ ಇಲ್ಲ ಅಂದರೆ ಮಾತ್ರ ಹೊಸ ನೋಂದಣಿ. ಅದು ಉಚಿತ. ದೊಡ್ಡವರಿಗೆ ಪರಿಶೀಲನೆ ಜಾಸ್ತಿ, ತಾಳ್ಮೆ ಬೇಕು.

ಇನ್ನೂ ಒಳಗಿರುವವರ ಮನೆಯವರು ಈ ಉತ್ತರ ಓದುತ್ತಿದ್ದರೆ, ಬಿಡುಗಡೆಗೆ ಕಾಯಬೇಡಿ. ಜೈಲಿಗೆ ಸೇರಿಸಿಕೊಂಡಾಗ ಆಗುವ ದಾಖಲೆ ಇದೆಯಲ್ಲ, ಪ್ರಿಸನರ್ ಇಂಡಕ್ಷನ್ ಡಾಕ್ಯುಮೆಂಟ್, ಅದಕ್ಕೆ ಜೈಲು ಅಧಿಕಾರಿಯ ಸಹಿ, ಸೀಲು ಇದ್ದರೆ ಕೈದಿಗಳ ಆಧಾರ್‌ಗೆ ಪುರಾವೆಯಾಗಿ ಒಪ್ಪುತ್ತಾರೆ. ಹೊರಗೆ ಬಂದ ಮೇಲೆ ಅಲೆಯುವುದಕ್ಕಿಂತ ಇದು ಎಷ್ಟೋ ಸಲೀಸು. ಯಾರೂ ಕಿವಿಗೆ ಹಾಕಿಕೊಳ್ಳದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಬಂಧನದಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಕಾನೂನು ನೆರವು ಉಚಿತ.

ವೋಟರ್ ಕಾರ್ಡ್ ಆಮೇಲೆ ನೋಡಿಕೊಳ್ಳಿ. ಜೈಲಿನಲ್ಲಿದ್ದಾಗ ವೋಟು ಹಾಕುವಂತಿಲ್ಲ ನಿಜ, ಬಿಡುಗಡೆಯಾದವರಿಗೆ ಆ ತಡೆ ಇಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ಫಾರಂ 8 ಕೊಟ್ಟು ಬದಲಿ ಕಾರ್ಡ್ ಕೇಳಿ, ಹೆಸರೇ ತೆಗೆದುಹಾಕಿದ್ದರೆ ಫಾರಂ 6.